10ಜಿ ಲಿಂಕ್‌ನಲ್ಲಿ 40 ಟಿಬಿ ಸಾಗಿಸಲು ಹತ್ತು ಗಂಟೆ ಯಾಕೆ ಸಾಲುವುದಿಲ್ಲ: ಒಂದು ಪ್ರಕರಣ

ಕೆಲಸ ಇಷ್ಟೇ. ವೈಟ್‌ಫೀಲ್ಡ್ ಕಡೆಯ ಒಂದು ಡೇಟಾ ಸೆಂಟರ್‌ನಲ್ಲಿರುವ 40 ಟಿಬಿ ಡೇಟಾವನ್ನು ನವಿ ಮುಂಬೈಯ ಹೊಸ ಜಾಗಕ್ಕೆ ಸಾಗಿಸಬೇಕು. ಶನಿವಾರ ರಾತ್ರಿ ಹತ್ತಕ್ಕೆ ಅಪ್ಲಿಕೇಶನ್ ನಿಲ್ಲಿಸಿ, ಭಾನುವಾರ ಬೆಳಿಗ್ಗೆ ಎಂಟಕ್ಕೆ ಮುಂಬೈಯಿಂದ ಮತ್ತೆ ಶುರು ಮಾಡಬೇಕು. ಮಧ್ಯೆ ಇರುವುದು ಒಂದು ಟೆಲಿಕಾಂ ಕಂಪನಿಯಿಂದ ಬಾಡಿಗೆಗೆ ಪಡೆದ ಆಪ್ಟಿಕಲ್ ಲಿಂಕ್. ಆರ್ಡರ್ ಫಾರ್ಮ್‌ನಲ್ಲಿ ಅದನ್ನು ‘ಎಸ್‌ಟಿಎಂ-64 / 10ಜಿ’ ಎಂದು ಬರೆದಿದ್ದರು. ಮಧ್ಯದ ಆ ಓರೆಗೆರೆಯೇ ಅರ್ಧ ಗಲಾಟೆಗೆ ಕಾರಣ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ನೆಟ್‌ವರ್ಕ್ ಕಡೆಯವನು. ಕಂಪನಿ ಯಾವುದು, ಕ್ಯಾರಿಯರ್ (ಲಿಂಕ್ ಕೊಟ್ಟ ಟೆಲಿಕಾಂ ಕಂಪನಿ) ಯಾರು ಅನ್ನೋದು ಇಲ್ಲಿ ಬೇಡ. ಡೇಟಾದ ಗಾತ್ರ, ಸಮಯ ಇವನ್ನು ಲೆಕ್ಕಕ್ಕೆ ಅನುಕೂಲ ಆಗುವಂತೆ ಸ್ವಲ್ಪ ದುಂಡಗೆ ಮಾಡಿದ್ದೇನೆ. ಇನ್ನೊಂದು ಮಾತು. ಕನ್ನಡದಲ್ಲಿ ಬರೆದರೆ ಬಿಟ್‌ನ ಬಿ, ಬೈಟ್‌ನ ಬಿ ಎರಡೂ ಒಂದೇ ಥರ ಕಾಣುತ್ತವೆ. ಹಾಗಾಗಿ ಇಲ್ಲಿ ಜಿಬಿಪಿಎಸ್ ಅಂದರೆ ಸೆಕೆಂಡಿಗೆ ಇಷ್ಟು ಗಿಗಾಬಿಟ್ ಅಂತ ಮಾತ್ರ. ಬೈಟ್ ಬಂದ ಕಡೆ ಗಿಗಾಬೈಟ್ ಎಂದೇ ಬಿಡಿಸಿ ಬರೆಯುತ್ತೇನೆ. ಟಿಬಿ ಅಂದರೆ ಟೆರಾಬೈಟ್.

ಪ್ರಾಜೆಕ್ಟ್ ಮ್ಯಾನೇಜರ್ ಮೇಡಂ ಮಾಡಿದ್ದು ಎಲ್ಲರೂ ಮಾಡುವ ಲೆಕ್ಕವೇ. 10 ಜಿಬಿಪಿಎಸ್ ಅನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ 1.25 ಗಿಗಾಬೈಟ್. 40 ಟಿಬಿ ಅಂದರೆ 40,000 ಗಿಗಾಬೈಟ್. ಭಾಗಿಸಿ ನೋಡಿದರೆ 32,000 ಸೆಕೆಂಡ್, ಅಂದರೆ 8 ಗಂಟೆ 53 ನಿಮಿಷ. ಹತ್ತು ಗಂಟೆಯಲ್ಲಿ ಒಂದು ಗಂಟೆಗೂ ಮೇಲೆ ಉಳಿಯುತ್ತದೆ, ಏನಾದರೂ ಎಡವಟ್ಟಾದರೂ ಸುಧಾರಿಸಿಕೊಳ್ಳಬಹುದು. ಎಲ್ಲರೂ ಸಹಿ ಹಾಕಿದರು. ಕಟ್‌ಓವರ್‌ಗೆ, ಅಂದರೆ ಹೊಸ ಜಾಗಕ್ಕೆ ಬದಲಾಗುವ ಆ ರಾತ್ರಿಗೆ, ಒಂದು ವಾರ ಮೊದಲು ಒಂದು ಗಂಟೆಯ ರಿಹರ್ಸಲ್ ಇಟ್ಟುಕೊಂಡೆವು. ಗಲಾಟೆ ಶುರುವಾಗಿದ್ದು ಅಲ್ಲಿಂದ.

ಒಂದೇ ಲಿಂಕ್, ಒಂದೇ ಹೊತ್ತು, ಐದು ಅಂಕಿ

ರಿಹರ್ಸಲ್ ದಿನ ಐಪರ್ಫ್ ಎಂಬ ವೇಗ ಅಳೆಯುವ ಟೂಲ್ ಓಡಿಸಿದೆವು. ಮೊದಲು ಒಂದೇ ಟಿಸಿಪಿ ಕನೆಕ್ಷನ್‌ನಲ್ಲಿ ಓಡಿಸಿದಾಗ 2 ಜಿಬಿಪಿಎಸ್ ಕೂಡ ದಾಟಲಿಲ್ಲ. ಅದು ಬೇರೆಯೇ ವಿಷಯ. ಫೈಬರ್‌ನಲ್ಲಿ ಬೆಳಕಿಗೆ ಒಂದು ಕಿಲೋಮೀಟರ್ ದಾಟಲು ಸುಮಾರು 5 ಮೈಕ್ರೋಸೆಕೆಂಡ್ ಬೇಕು. ಬೆಂಗಳೂರು–ಮುಂಬೈ ಹೋಗಿ ಬರಲು 25 ಮಿಲಿಸೆಕೆಂಡ್ ಹತ್ತಿರ ಆಗುತ್ತಿತ್ತು, ಅಷ್ಟು ಹೊತ್ತು ಪೈಪ್ ತುಂಬಿರಬೇಕು ಅಂದರೆ 27 ಮೆಗಾಬೈಟ್‌ಗೂ ಜಾಸ್ತಿ ಡೇಟಾ ದಾರಿಯಲ್ಲಿ ಇರಬೇಕು, ಲಿನಕ್ಸ್‌ನ ಡಿಫಾಲ್ಟ್ ಬಫರ್ ಅಷ್ಟಕ್ಕೆ ಸಾಕಾಗುವುದಿಲ್ಲ. ಹಲವು ಕನೆಕ್ಷನ್ ಒಟ್ಟಿಗೆ ಓಡಿಸಿದ ಮೇಲೆ ಅಂಕಿ ಏರಿತು, 8.75 ಜಿಬಿಪಿಎಸ್‌ಗೆ ಬಂದು ನಿಂತಿತು. ಆಮೇಲೆ ಎಷ್ಟು ಕನೆಕ್ಷನ್ ಸೇರಿಸಿದರೂ ಅಲ್ಲಾಡಲಿಲ್ಲ.

‘ಹತ್ತಕ್ಕೆ ದುಡ್ಡು ಕೊಟ್ಟಿದ್ದೇವೆ, ಎಂಟೂ ಮುಕ್ಕಾಲು ಕೊಡುತ್ತಿದ್ದಾರೆ’ ಎಂದು ಮೇಡಂ ಕ್ಯಾರಿಯರ್‌ಗೆ ಟಿಕೆಟ್ ಹಾಕಿಸಿದರು. ಅವರ ಫೀಲ್ಡ್ ಇಂಜಿನಿಯರ್ ಟೆಸ್ಟ್ ಸೆಟ್ ಹಿಡಿದುಕೊಂಡು ಬಂದರು. ಹುಬ್ಬಳ್ಳಿ ಕಡೆಯವರು, ಸಮಾಧಾನದ ಮನುಷ್ಯ. ಟೆಸ್ಟ್ ಸೆಟ್ 9.953 ಜಿಬಿಪಿಎಸ್ ತೋರಿಸುತ್ತಿತ್ತು, ಎರರ್ ಸೊನ್ನೆ. ‘ಲೈನ್ ಫುಲ್ ಐತ್ರಿ ಸರ, ಒಂದ್ ಬಿಟ್ಟೂ ತಪ್ಪಿಲ್ಲ. ಇನ್ನೇನ್ ಮಾಡ್ಲಿ ಹೇಳ್ರಿ?’ ಎಂದರು. ಅಷ್ಟಕ್ಕೇ ನಿಲ್ಲಿಸದೆ ತಮ್ಮ ಡಿಡಬ್ಲ್ಯೂಡಿಎಂ (ಒಂದೇ ಫೈಬರ್‌ನಲ್ಲಿ ಹಲವು ಬಣ್ಣದ ಬೆಳಕು ಕಳಿಸುವ) ಪೆಟ್ಟಿಗೆಯ ಸ್ಕ್ರೀನ್ ಕೂಡ ಮೊಬೈಲ್‌ನಲ್ಲಿ ತೋರಿಸಿದರು. ಅಲ್ಲಿ ನಮ್ಮ ಸರ್ಕ್ಯೂಟ್ ಎದುರು 10.709 ಜಿಬಿಪಿಎಸ್ ಅಂತ ಇತ್ತು. ಅದನ್ನು ನೋಡಿ ಮೇಡಂಗೆ ಸಿಟ್ಟು ಇನ್ನೂ ಜಾಸ್ತಿ ಆಯಿತು. ‘ನಿಮ್ಮ ಹತ್ತಿರ 10.7 ಇದೆ, ನಮಗೆ 8.75 ಬರುತ್ತಿದೆ, ಮಧ್ಯದಲ್ಲಿ ಎರಡು ಎಲ್ಲಿ ಹೋಯಿತು?’

ಅದೇ ಹೊತ್ತಿಗೆ ನಮ್ಮ ಮಾನಿಟರಿಂಗ್ ಗ್ರಾಫ್ 8.54 ಎಂದು ತೋರಿಸುತ್ತಿತ್ತು. ಲಿಂಕ್ ಶೇಕಡಾ 85 ಮಾತ್ರ ತುಂಬಿದೆ, ಇನ್ನೂ 15 ಖಾಲಿ ಇದೆ ಅಂತ ಅರ್ಥ ಬರುವ ಹಾಗೆ. ಕಾಪಿ ಮಾಡುವ ಟೂಲ್ ಸೆಕೆಂಡಿಗೆ 1.02 ಗಿಗಾಬೈಟ್ ಎನ್ನುತ್ತಿತ್ತು. ಸ್ಟೋರೇಜ್ ನೋಡಿಕೊಳ್ಳುವ ಹುಡುಗ ಅದನ್ನು 8ರಿಂದ ಗುಣಿಸಿ ‘ಸರ್, ಇದು 8.16 ಆಯಿತಲ್ಲ, ಐಪರ್ಫ್ 8.75 ಅನ್ನುತ್ತೆ, ಡಿಸ್ಕ್ ನಿಧಾನ ಇರಬೇಕು’ ಎಂದು ಡಿಸ್ಕ್ ಹಿಂದೆ ಬಿದ್ದ. ಡಿಸ್ಕ್‌ಗೆ ಏನೂ ಆಗಿರಲಿಲ್ಲ.

ಈಗ ಲೆಕ್ಕ ನೋಡಿ: 10.709, 9.953, 8.75, 8.54, 1.02. ಇವುಗಳಲ್ಲಿ ಒಂದು ಮಾತ್ರ ತಪ್ಪು. ಉಳಿದವೆಲ್ಲ ಸರಿ.

9.953 ಎಲ್ಲಿಂದ ಬಂತು

ಎಲ್ಲರೂ ಇದನ್ನು ‘ಹತ್ತು ಜಿ’ ಅಂತಲೇ ಕರೆಯುತ್ತಾರೆ, ಆದರೆ ಎಸ್‌ಟಿಎಂ-64 ಹತ್ತು ಅಲ್ಲ. ಅದು ಹುಟ್ಟಿದ್ದು ಟೆಲಿಫೋನ್ ಲೋಕದಲ್ಲಿ. ಒಂದು ಮಾತಿನ ಕರೆಯನ್ನು ಡಿಜಿಟಲ್ ಮಾಡಲು ಸೆಕೆಂಡಿಗೆ 8,000 ಸಲ ಅಳೆಯುತ್ತಾರೆ, ಪ್ರತಿ ಅಳತೆಗೆ 8 ಬಿಟ್. ಅಲ್ಲಿಗೆ 64 ಕೆಬಿಪಿಎಸ್ ಆಯಿತು. ಅಂಥ 32 ಸ್ಲಾಟ್ ಸೇರಿದರೆ 2.048 ಎಂಬಿಪಿಎಸ್, ಅದೇ ನಮ್ಮ ಹಳೆಯ ಇ1. ಮುಂದೆ ಫೈಬರ್ ಮೇಲೆ ಇವನ್ನೆಲ್ಲ ಒಟ್ಟುಗೂಡಿಸಿ ಸಾಗಿಸುವ ಎಸ್‌ಡಿಎಚ್ ಪದ್ಧತಿ ಬಂದಾಗಲೂ ಆ 8,000 ಬಿಡಲಿಲ್ಲ. ಎಸ್‌ಟಿಎಂ-1 ಫ್ರೇಮ್ ಅಂದರೆ 9 ಸಾಲು, 270 ಕಾಲಂ, ಒಂದೊಂದು ಮನೆಯಲ್ಲೂ ಒಂದು ಬೈಟ್, ಮತ್ತು ಸೆಕೆಂಡಿಗೆ 8,000 ಫ್ರೇಮ್. ಗುಣಿಸಿ ನೋಡಿ: 270 × 9 × 8 × 8,000 = 155.52 ಎಂಬಿಪಿಎಸ್. ಅದರ ನಾಲ್ಕು ಪಟ್ಟು ಎಸ್‌ಟಿಎಂ-4, 622.08. ಹದಿನಾರು ಪಟ್ಟು ಎಸ್‌ಟಿಎಂ-16, 2,488.32. ಅರವತ್ತನಾಲ್ಕು ಪಟ್ಟು ಎಸ್‌ಟಿಎಂ-64, 9,953.28 ಎಂಬಿಪಿಎಸ್. ನಿಮ್ಮ ಮನೆಗೆ ಜಿಪಾನ್ ಫೈಬರ್ ಇದ್ದರೆ ಅದರಲ್ಲಿ ಕೆಳಗೆ ಬರುವ 2.488 ಜಿಬಿಪಿಎಸ್ ಕೂಡ ಇದೇ ಕುಟುಂಬದ್ದು. ಅದನ್ನು ನಿಮ್ಮ ಬೀದಿಯ 32 ಅಥವಾ 64 ಮನೆ ಹಂಚಿಕೊಳ್ಳುತ್ತವೆ ಅನ್ನೋದು ಬೇರೆ ಮಾತು.

ಈಥರ್ನೆಟ್ ಬೆಳೆದಿದ್ದು ಕಂಪ್ಯೂಟರ್ ಲೋಕದಲ್ಲಿ. ಅದು ಪ್ರತಿ ಸಲ ಹತ್ತು ಪಟ್ಟು ಏರುತ್ತಾ ಹೋಯಿತು: 10, 100, 1,000, 10,000 ಎಂಬಿಪಿಎಸ್. ಅದರ 10 ನಿಜವಾಗಿಯೂ 10. ಆದರೆ ಫೈಬರ್ ಮೇಲೆ ಕಳಿಸುವಾಗ ಪ್ರತಿ 64 ಬಿಟ್‌ಗೆ 2 ಬಿಟ್ ಸೇರಿಸಿ 66 ಮಾಡುತ್ತದೆ, ಆ ಕಡೆಯವನಿಗೆ ಎಲ್ಲಿ ಶುರು ಎಂದು ಗೊತ್ತಾಗಲಿ ಅಂತ. ಹಾಗಾಗಿ ಸಾಮಾನ್ಯ 10 ಗಿಗಾಬಿಟ್ ಈಥರ್ನೆಟ್‌ನ ಲೈನ್ ವೇಗ 10 × 66 ÷ 64 = 10.3125 ಜಿಬಿಪಿಎಸ್.

10.3125 ಅನ್ನು 9.95328ರೊಳಗೆ ತುರುಕಲು ಆಗುವುದಿಲ್ಲ ಅಲ್ವಾ? 2002ರಲ್ಲಿ 10 ಗಿಗಾಬಿಟ್ ಈಥರ್ನೆಟ್ ಸ್ಟ್ಯಾಂಡರ್ಡ್ ಬಂದಾಗ ಇದಕ್ಕೆ ಒಂದು ದಾರಿ ಮಾಡಿಟ್ಟರು. ಬಿಟ್‌ಗಳನ್ನು ಫೈಬರ್ ಮೇಲೆ ಇಡುವ ಪದರವನ್ನು (ಫೈ) ಎರಡು ಬಗೆಯಲ್ಲಿ ಕೊಟ್ಟರು: ಲ್ಯಾನ್ ಫೈ ಮತ್ತು ವ್ಯಾನ್ ಫೈ. ಮೊದಲನೆಯದು ಪೂರ್ತಿ 10 ಕೊಡುತ್ತದೆ. ಎರಡನೆಯದು ಟೆಲಿಕಾಂ ಕಂಪನಿಗಳ ಎಸ್‌ಡಿಎಚ್ ಪೆಟ್ಟಿಗೆಗಳ ಮೂಲಕ ಹಾಯಲಿ ಎಂದು ಸರಿಯಾಗಿ ಎಸ್‌ಟಿಎಂ-64 ಫ್ರೇಮ್‌ನೊಳಗೆ ಕೂರುತ್ತದೆ. ಅದಕ್ಕೆ ತಕ್ಕ ಬೆಲೆ ತೆರಬೇಕಾಗುತ್ತದೆ. ಎಸ್‌ಟಿಎಂ-64ರ 17,280 ಕಾಲಂಗಳಲ್ಲಿ 640 ಎಸ್‌ಡಿಎಚ್‌ನ ಸ್ವಂತ ಕೆಲಸಕ್ಕೆ ಹೋಗುತ್ತವೆ, ಬಳಕೆಗೆ 16,640 ಉಳಿಯುತ್ತವೆ. ಅಲ್ಲಿಗೆ 9.58464 ಜಿಬಿಪಿಎಸ್. ಅದರಲ್ಲಿ ಮತ್ತೆ 66ಕ್ಕೆ 64 ಮಾತ್ರ ಡೇಟಾ. ಕೊನೆಗೆ ಈಥರ್ನೆಟ್ ಕೈಗೆ ಸಿಗುವುದು 9.294 ಜಿಬಿಪಿಎಸ್.

ನಮ್ಮ ಲಿಂಕ್ ವ್ಯಾನ್ ಫೈ. ಆರ್ಡರ್ ಫಾರ್ಮ್‌ನ ಓರೆಗೆರೆ ಎಸ್‌ಟಿಎಂ-64ನ್ನೂ 10ಜಿಯನ್ನೂ ಒಂದೇ ಎಂದು ತೋರಿಸಿತ್ತು. ಮಾರಿದವರು ಎಡಗಡೆ ನೋಡಿದರು, ಕೊಂಡವರು ಬಲಗಡೆ ನೋಡಿದರು. ನನ್ನ ಕೇಳಿದರೆ ಇಲ್ಲಿ ಮೋಸ ಏನೂ ಇಲ್ಲ, ಸುಮ್ನೆ ಸೋಮಾರಿತನ. ಅಂಥ ಫಾರ್ಮ್ ಬರೆದವರಿಗಿಂತ ಓದದೆ ಸಹಿ ಹಾಕಿದವರದ್ದೇ ಜಾಸ್ತಿ.

10.709 ಕತೆ ಇನ್ನೂ ಚಿಕ್ಕದು. ಕ್ಯಾರಿಯರ್ ನಮ್ಮ 9.953ನ್ನು ಹಾಗೇ ದೂರ ಕಳಿಸುವುದಿಲ್ಲ. ಓಟಿಎನ್ ಎಂಬ ಹೊದಿಕೆಯಲ್ಲಿ ಇಟ್ಟು ಕಳಿಸುತ್ತದೆ. ಅದರಲ್ಲಿ ಪ್ರತಿ 239 ಬೈಟ್‌ಗೆ 16 ಬೈಟ್ ತಪ್ಪು ತಿದ್ದುವುದಕ್ಕೆ ಸೇರಿಸುತ್ತಾರೆ. ನೂರಾರು ಕಿಲೋಮೀಟರ್ ಹೋಗಿ ಬೆಳಕು ಸೊರಗಿದಾಗ ತಪ್ಪಾದ ಬಿಟ್‌ಗಳನ್ನು ಆ ಕಡೆಯೇ ಸರಿ ಮಾಡಿಕೊಳ್ಳಲಿ ಎಂದು. ಆ 239ರಲ್ಲೂ 2 ಬೈಟ್ ಓಟಿಎನ್‌ನ ಸ್ವಂತ ಕೆಲಸಕ್ಕೆ ಹೋಗಿ ನಮ್ಮ ಡೇಟಾಗೆ 237 ಉಳಿಯುತ್ತದೆ. ಲೆಕ್ಕ: 9.95328 × 255 ÷ 237 = 10.709. ಆ ಹೆಚ್ಚಿನದ್ದು ನಮಗೆ ಸಿಗುವ ವೇಗ ಅಲ್ಲ, ನಮ್ಮ ಬಿಟ್‌ಗಳನ್ನು ಸುರಕ್ಷಿತವಾಗಿ ಕೊಂಡೊಯ್ಯುವ ಖರ್ಚು. ಮುಂದೆ 100ಜಿ ತರಂಗಕ್ಕೆ ಹೋದರೆ ಇದು ಇನ್ನೂ ತಲೆ ತಿನ್ನುತ್ತದೆ. ಅಲ್ಲಿ ಸ್ಪೆಕ್ ಶೀಟ್ ಬಿಟ್ ಬಿಟ್ಟು ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಸಂಕೇತ ಎಂಬ ಲೆಕ್ಕದಲ್ಲಿ, ಮಾತಾಡುತ್ತದೆ. 32 ಗಿಗಾಬಾಡ್ ಎಂದು ನೋಡಿ ‘32 ಜಿ ಮಾತ್ರನಾ?’ ಎಂದು ಕೇಳಿದವರಿದ್ದಾರೆ. ಒಂದೊಂದು ಸಂಕೇತದಲ್ಲಿ 4 ಬಿಟ್ ಹೋದರೆ ಅದು 128 ಜಿಬಿಪಿಎಸ್, ತಪ್ಪು ತಿದ್ದುವ ಬಿಟ್‌ಗಳೆಲ್ಲ ಸೇರಿ.

9.294ರಿಂದ 8.75ಕ್ಕೆ

ಇಲ್ಲಿಂದ ಮುಂದೆ ಕ್ಯಾರಿಯರ್‌ಗೂ ಇದಕ್ಕೂ ಸಂಬಂಧ ಇಲ್ಲ. ಒಂದು ಈಥರ್ನೆಟ್ ಫ್ರೇಮ್, ಅಂದರೆ ಡೇಟಾ ಕಟ್ಟಿ ಕಳಿಸುವ ಒಂದು ಪೊಟ್ಟಣ, ತೆಗೆದುಕೊಳ್ಳಿ. ಒಳಗೆ 1,500 ಬೈಟ್ ಹಿಡಿಯುತ್ತದೆ. ಅದರಲ್ಲಿ ಐಪಿಗೆ 20, ಟಿಸಿಪಿಗೆ 20, ಟೈಮ್‌ಸ್ಟ್ಯಾಂಪ್ ಆನ್ ಇದ್ದರೆ ಇನ್ನೊಂದು 12. ನಿಜವಾದ ಡೇಟಾ 1,448 ಬೈಟ್. ಹೊರಗೆ ವಿಳಾಸ ಇತ್ಯಾದಿಗೆ 14, ಕೊನೆಯ ಚೆಕ್‌ಗೆ 4, ಒಟ್ಟು 1,518. ಅದರ ಮುಂದೆ ಎಚ್ಚರಿಸುವ 8 ಬೈಟ್, ಎರಡು ಫ್ರೇಮ್ ನಡುವೆ ಖಾಲಿ ಬಿಡುವ 12 ಬೈಟ್. ಅಂದರೆ 1,448 ಬೈಟ್ ಡೇಟಾ ಕಳಿಸಲು ತಂತಿಯ ಮೇಲೆ 1,538 ಬೈಟ್‌ನ ಜಾಗ ಬೇಕು. ಶೇಕಡಾ 94.15. ಯಾರಾದರೂ 10 ಗಿಗಾಬಿಟ್ ಕಾರ್ಡ್‌ನಲ್ಲಿ ಐಪರ್ಫ್ ಓಡಿಸಿ 9.41 ಎಂಬ ಅಂಕಿ ನೋಡಿದ್ದರೆ, ಅದು ಇದೇ. ಕಾರ್ಡ್ ಕೆಟ್ಟಿಲ್ಲ. ನಮ್ಮದು 9.294ರ ಲಿಂಕ್, ಆದ್ದರಿಂದ 9.294 × 0.9415 = 8.75.

ಅಡಿಕೆ ಮಂಡಿಗೆ ಹೋದವರಿಗೆ ಇದು ಹೊಸದಲ್ಲ. ವೇಬ್ರಿಜ್ ಮೇಲೆ ಲಾರಿ ಸಮೇತ ತೂಗಿದ್ದು ಒಂದು ತೂಕ, ಚೀಲ ಸಮೇತ ತೂಗಿದ್ದು ಒಂದು, ಬರೀ ಅಡಿಕೆ ತೂಗಿದ್ದು ಇನ್ನೊಂದು. ಮೂರೂ ನಿಜವಾದ ತೂಕವೇ, ಚೀಟಿಯಲ್ಲಿ ಯಾವುದನ್ನು ಬರೆದಿದ್ದಾರೆ ಅನ್ನೋದು ಮುಖ್ಯ. ಟೆಸ್ಟ್ ಸೆಟ್‌ನ 9.953 ಲಾರಿಯ ತೂಕ, ಐಪರ್ಫ್‌ನ 8.75 ಅಡಿಕೆಯ ತೂಕ.

ಇನ್ನು ಗ್ರಾಫ್‌ನ 8.54. ಇಲ್ಲೇ ಸುಳಿವು ಸಿಕ್ಕಿದ್ದು. ಗ್ರಾಫ್‌ಗೆ ಅಂಕಿ ಕೊಡುವ ರೂಟರ್‌ನ ಎಸ್‌ಎನ್‌ಎಂಪಿ ಕೌಂಟರ್ ಎಣಿಸುವುದು ಇಡೀ ಫ್ರೇಮ್, ಅಂದರೆ 1,518 ಬೈಟ್. ಐಪರ್ಫ್ ಎಣಿಸುವುದು 1,448. ಹಾಗಿದ್ದ ಮೇಲೆ ಗ್ರಾಫ್ ಯಾವಾಗಲೂ ಐಪರ್ಫ್‌ಗಿಂತ ಮೇಲೆ ಇರಬೇಕು. ಕೆಳಗೆ ಇರಲು ಸಾಧ್ಯವೇ ಇಲ್ಲ. ಲೆಕ್ಕದ ಪ್ರಕಾರ 9.294 × 1,518 ÷ 1,538 = 9.17 ಬರಬೇಕಿತ್ತು. 9.17 ಅನ್ನು 8.54ರಿಂದ ಭಾಗಿಸಿದರೆ 1.074. ಈ ಸಂಖ್ಯೆ ನೋಡಿದ ಕೂಡಲೇ ಹಳೆಯ ಕೈಗಳಿಗೆ ಗೊತ್ತಾಗುತ್ತದೆ: 1,024ನ್ನು ಮೂರು ಸಲ ಗುಣಿಸಿದರೆ 1,07,37,41,824, ಅಂದರೆ ನೂರು ಕೋಟಿಯ 1.074 ಪಟ್ಟು. ಗ್ರಾಫ್ ಬರೆಯುವ ಟೆಂಪ್ಲೇಟ್‌ನಲ್ಲಿ ಬೇಸ್ 1,024 ಎಂದು ಇತ್ತು. ಮೆಮೊರಿ ಗ್ರಾಫ್‌ಗೆ ಅದು ಸರಿ, ಲಿಂಕ್ ಗ್ರಾಫ್‌ಗೆ 1,000 ಇರಬೇಕು. ಯಾರೋ ಎಂದೋ ಮೆಮೊರಿ ಟೆಂಪ್ಲೇಟ್ ನಕಲು ಮಾಡಿ ಲಿಂಕ್‌ಗೆ ಹಾಕಿದ್ದರು. ಬದಲಿಸಿದ ತಕ್ಷಣ 9.17 ಬಂತು. ಐದರಲ್ಲಿ ತಪ್ಪಾಗಿದ್ದ ಅಂಕಿ ಇದೊಂದೇ.

ಟೂಲ್‌ನ 1.02ಕ್ಕೂ 1,024ಕ್ಕೂ ನಂಟಿದೆ, ಆದರೆ ಅಲ್ಲಿ ತಪ್ಪಿಲ್ಲ. 8.75 ಜಿಬಿಪಿಎಸ್ ಅಂದರೆ ಸೆಕೆಂಡಿಗೆ 109 ಕೋಟಿ ಬೈಟ್ ಚಿಲ್ಲರೆ. ಸಾವಿರದ ಲೆಕ್ಕದಲ್ಲಿ ಅದು 1.094 ಗಿಗಾಬೈಟ್, 1,024ರ ಲೆಕ್ಕದಲ್ಲಿ 1.019. ಟೂಲ್ ಎರಡನೆಯದನ್ನು ತೋರಿಸಿತು. ಐಪರ್ಫ್ ಇನ್ನೂ ಮಜಾ. ಒಂದೇ ಸಾಲಿನಲ್ಲಿ ಎಷ್ಟು ಸಾಗಿತು ಎಂಬ ಬೈಟ್ ಅಂಕಿಯನ್ನು 1,024ರಲ್ಲಿ, ವೇಗದ ಬಿಟ್ ಅಂಕಿಯನ್ನು 1,000ದಲ್ಲಿ ಬರೆಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು 8ರಿಂದ ಗುಣಿಸಿದರೆ ಯಾವ ಜನ್ಮಕ್ಕೂ ತಾಳೆ ಆಗುವುದಿಲ್ಲ.

ಜಗಳ ಹೊರಗೆ, ತೂತು ಒಳಗೆ

ಈ ಹೊತ್ತಿಗೆ ಎಲ್ಲರ ಕಣ್ಣು ಲಿಂಕ್ ಮೇಲೆಯೇ ಇತ್ತು. 40 ಟಿಬಿ ಕಡೆ ಯಾರೂ ನೋಡಿರಲಿಲ್ಲ. ಆ 40 ಬಂದಿದ್ದು ಸ್ಟೋರೇಜ್ ಸ್ಕ್ರೀನ್‌ನಿಂದ. ಸ್ಕ್ರೀನ್ ‘ಟಿಬಿ’ ಎಂದೇ ಬರೆದಿತ್ತು, ಆದರೆ ಎಣಿಸಿದ್ದು 1,024ರ ಲೆಕ್ಕದಲ್ಲಿ. ಅಂದರೆ ಅದು ಟೆಬಿಬೈಟ್. ಒಂದು ಟೆರಾಬೈಟ್ ಅಂದರೆ ಸರಿಯಾಗಿ ಒಂದು ಲಕ್ಷ ಕೋಟಿ ಬೈಟ್. ಒಂದು ಟೆಬಿಬೈಟ್ ಅಂದರೆ ಸುಮಾರು 1,09,951 ಕೋಟಿ ಬೈಟ್. ಕಿಲೋ ಮಟ್ಟದಲ್ಲಿ ಈ ವ್ಯತ್ಯಾಸ ಶೇಕಡಾ 2.4 ಮಾತ್ರ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮೆಗಾಗೆ 4.9, ಗಿಗಾಗೆ 7.4, ಟೆರಾಗೆ ಹೋಗುವಾಗ ಹತ್ತಿರ ಹತ್ತಿರ 10. ನಮ್ಮ 40 ನಿಜಕ್ಕೂ 43.98 ಟಿಬಿ ಆಗಿತ್ತು.

1998ರಲ್ಲೇ ಐಇಸಿ ಎಂಬ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಸಂಸ್ಥೆ ಇದಕ್ಕೆ ಕಿಬಿ, ಮೆಬಿ, ಗಿಬಿ ಎಂದು ಬೇರೆ ಹೆಸರು ಕೊಟ್ಟಿತು. ಆಪಲ್ 2009ರಿಂದ ಮ್ಯಾಕ್‌ನಲ್ಲಿ ಸಾವಿರದ ಲೆಕ್ಕಕ್ಕೆ ಬಂತು. ವಿಂಡೋಸ್ ಇವತ್ತಿಗೂ 1,024ರಲ್ಲಿ ಎಣಿಸಿ ಟಿಬಿ ಅಂತ ಬರೆಯುತ್ತದೆ. ಲಿನಕ್ಸ್‌ನ ಡಿಎಫ್ ಕಮಾಂಡ್‌ಗೆ ಚಿಕ್ಕ ಎಚ್ ಕೊಟ್ಟರೆ 1,024, ದೊಡ್ಡ ಎಚ್ ಕೊಟ್ಟರೆ 1,000. ಸ್ಟೋರೇಜ್ ಪೆಟ್ಟಿಗೆ ಮಾಡುವವರಿಗೆ ಒಂದು ಅಕ್ಷರ ಸೇರಿಸಿ ಬರೆಯಲು ಏನು ಕಷ್ಟವೋ ನನಗಂತೂ ಅರ್ಥವಾಗಿಲ್ಲ.

ವೈಟ್‌ಬೋರ್ಡ್ ಮೇಲೆ ಇಡೀ ಲೆಕ್ಕವನ್ನು ಮತ್ತೆ ಬರೆದೆವು. ಶುರುವಿಗೆ 8 ಗಂಟೆ 53 ನಿಮಿಷ. 40 ಟಿಬಿ ಬದಲು 43.98 ಹಾಕಿದರೆ 9 ಗಂಟೆ 46 ನಿಮಿಷ, 53 ನಿಮಿಷ ಏರಿತು. ಲಿಂಕ್ 10ರ ಬದಲು 9.294 ಎಂದು ಹಾಕಿದರೆ 10 ಗಂಟೆ 31 ನಿಮಿಷ, ಇನ್ನೊಂದು 45. ಫ್ರೇಮ್ ಮತ್ತು ಟಿಸಿಪಿ ಖರ್ಚು ಹಾಕಿದರೆ 11 ಗಂಟೆ 10 ನಿಮಿಷ, ಮತ್ತೆ 39. ಒಟ್ಟು 2 ಗಂಟೆ 17 ನಿಮಿಷ ಜಾಸ್ತಿ. ಇದರಲ್ಲಿ ಕ್ಯಾರಿಯರ್ ಕಡೆಗೆ ಬೆರಳು ತೋರಿಸಬಹುದಾದದ್ದು 45 ನಿಮಿಷ ಮಾತ್ರ. ಅತಿ ದೊಡ್ಡ ತುಂಡು ನಮ್ಮದೇ ಸ್ಟೋರೇಜ್ ಸ್ಕ್ರೀನ್‌ನಿಂದ ಬಂದಿತ್ತು. ವಾರಪೂರ್ತಿ ಟಿಕೆಟ್ ಮೇಲೆ ಟಿಕೆಟ್ ಹಾಕಿ ಹುಬ್ಬಳ್ಳಿಯವರನ್ನು ಓಡಾಡಿಸಿದ್ದು ನೆನೆದರೆ ನಗು ಬರುತ್ತದೆ, ಪಾಪ ಅವರು ನಗಲಿಲ್ಲ.

ಇಲ್ಲೊಂದು ಮಜಾ ಹೇಳಬೇಕು. ಹಳೆಯ ಬ್ಯಾಕಪ್ ಅಡ್ಮಿನ್‌ಗಳ ಹತ್ತಿರ ಒಂದು ಅಂದಾಜು ಇದೆ: ಬಿಟ್‌ನಿಂದ ಬೈಟ್‌ಗೆ ಹೋಗುವಾಗ 8ರಿಂದ ಭಾಗಿಸಬೇಡ, 10ರಿಂದ ಭಾಗಿಸು. ಆ ಲೆಕ್ಕದಲ್ಲಿ 10 ಜಿಬಿಪಿಎಸ್ ಅಂದರೆ ಸೆಕೆಂಡಿಗೆ 1 ಗಿಗಾಬೈಟ್, 40 ಟಿಬಿಗೆ 40,000 ಸೆಕೆಂಡ್, 11 ಗಂಟೆ 7 ನಿಮಿಷ. ನಾವು ದಶಾಂಶದ ಮೂರನೇ ಸ್ಥಾನದವರೆಗೆ ಒದ್ದಾಡಿ ತೆಗೆದ ಉತ್ತರಕ್ಕೂ ಇದಕ್ಕೂ 3 ನಿಮಿಷ ವ್ಯತ್ಯಾಸ. 8ರ ಜಾಗದಲ್ಲಿ 10 ಹಾಕಿದಾಗ ಸಿಗುವ ಶೇಕಡಾ 20ರ ಸಡಿಲದಲ್ಲಿ ಎಲ್ಲ ಖರ್ಚೂ, ಸ್ಟೋರೇಜ್‌ನ 1,024ರ ಬಹುಪಾಲೂ ಸೇರಿಹೋಗುತ್ತದೆ. ಪ್ಲಾನ್ ಮಾಡಲು ಇದು ಬೇಕಾದಷ್ಟಾಯಿತು. ಆದರೆ ಕ್ಯಾರಿಯರ್ ಎದುರು ಜಗಳಕ್ಕೆ ಕೂತಾಗ ಈ ಅಂದಾಜು ಕೆಲಸಕ್ಕೆ ಬರುವುದಿಲ್ಲ, ಅಲ್ಲಿ ಪ್ರತಿ ಹೆಜ್ಜೆಯೂ ಬೇಕು.

ಆಮೇಲೆ ಏನು ಮಾಡಿದೆವು

ಮೊದಲು ಎಲ್ಲರ ಬಾಯಿಗೆ ಬಂದಿದ್ದು ಜಂಬೋ ಫ್ರೇಮ್. 1,500ರ ಬದಲು 9,000 ಬೈಟ್ ಹಾಕಿದರೆ 9,038ಕ್ಕೆ 8,948 ಡೇಟಾ, ಶೇಕಡಾ 99. ಕೇಳಲು ಚೆನ್ನಾಗಿದೆ. ಆದರೆ ನಮ್ಮ ಲಿಂಕ್‌ನಲ್ಲಿ ಅದು ಕೊಡುವುದು 9.20 ಜಿಬಿಪಿಎಸ್, ಸಮಯ 10 ಗಂಟೆ 37 ನಿಮಿಷ. ಆಗಲೂ ಹತ್ತು ಗಂಟೆಗೆ ಸಾಲದು. ಅದಕ್ಕೆ ದಾರಿಯಲ್ಲಿರುವ ಪ್ರತಿ ಸ್ವಿಚ್, ಫೈರ್‌ವಾಲ್, ರೂಟರ್ ಎಲ್ಲ ಬದಲಿಸಬೇಕು, ಒಂದು ಕಡೆ ಮರೆತರೆ ಸಣ್ಣ ಪ್ಯಾಕೆಟ್ ಹೋಗುತ್ತದೆ ದೊಡ್ಡದು ಹೋಗುವುದಿಲ್ಲ, ಪಿಂಗ್ ಬರುತ್ತದೆ ಕಾಪಿ ನಿಲ್ಲುತ್ತದೆ. ಕಟ್‌ಓವರ್ ವಾರದಲ್ಲಿ ಆ ಸಾಹಸ ಬೇಡ ಎಂದೆ.

ಪರಿಹಾರ ತುಂಬಾ ಸಾದಾ. ಎಲ್ಲವನ್ನೂ ಒಂದೇ ರಾತ್ರಿ ಸಾಗಿಸಬೇಕು ಎಂಬ ಷರತ್ತನ್ನೇ ಕೈಬಿಟ್ಟೆವು. ಒಂದು ಸ್ನ್ಯಾಪ್‌ಶಾಟ್ ತೆಗೆದು, ವಾರದ ರಾತ್ರಿಗಳಲ್ಲಿ ಬೇರೆ ಟ್ರಾಫಿಕ್‌ಗೆ ತೊಂದರೆ ಆಗದಂತೆ ವೇಗಕ್ಕೆ ಮಿತಿ ಹಾಕಿ ಸಾಗಿಸಿದೆವು. ಶನಿವಾರ ರಾತ್ರಿಗೆ ಉಳಿದಿದ್ದು ಆಮೇಲೆ ಬದಲಾದ ಭಾಗ ಮಾತ್ರ, 2 ಟಿಬಿಗಿಂತ ಕಡಿಮೆ. ಅರ್ಧ ಗಂಟೆಯಲ್ಲಿ ಹೋಯಿತು. ಎರಡೂ ಕಡೆಯ ಡೇಟಾ ಒಂದೇ ಇದೆಯಾ ಎಂದು ಚೆಕ್‌ಸಮ್ ತಾಳೆ ನೋಡಲು ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ಮೊದಲ ಲೆಕ್ಕದಲ್ಲಿ ಈ ತಾಳೆ ನೋಡುವ ಸಮಯ ಇರಲೇ ಇಲ್ಲ ಅನ್ನೋದು ಇನ್ನೊಂದು ಕತೆ.

ಹಣದ ವಿಷಯ ಇಷ್ಟು ಸುಲಭಕ್ಕೆ ಮುಗಿಯಲಿಲ್ಲ. 10 ಮತ್ತು 9.294ರ ನಡುವಿನ ಶೇಕಡಾ 7 ಹಣ ವಾಪಸ್ ಕೇಳಿ ಎಂದು ಫೈನಾನ್ಸ್‌ನವರು ಹಠ ಹಿಡಿದರು. ಕ್ಯಾರಿಯರ್ ಒಪ್ಪಲಿಲ್ಲ. ಕರಾರಿನ ಪರಿಶಿಷ್ಟದಲ್ಲಿ ಇಂಟರ್‌ಫೇಸ್ ಎದುರು ಎಸ್‌ಟಿಎಂ-64, ವ್ಯಾನ್ ಫೈ ಎಂದು ಸ್ಪಷ್ಟವಾಗಿ ಇತ್ತು. ಎಸ್‌ಟಿಎಂ-64 ಕೊಟ್ಟಿದ್ದಾರೆ, ಅದು ತುಂಬಿ ಹರಿಯುತ್ತಿದೆ ಎಂದು ಟೆಸ್ಟ್ ರಿಪೋರ್ಟ್ ಇದೆ. ಆ ರಿಪೋರ್ಟ್ ಓದಿದ ಫೈನಾನ್ಸ್‌ನವರಿಗೆ ಇನ್ನೊಂದು ಗಾಬರಿ. ಅದರಲ್ಲಿ ಬೇರೆ ಬೇರೆ ಫ್ರೇಮ್ ಗಾತ್ರಕ್ಕೆ ವೇಗ ಅಳೆಯುವ ಆರ್‌ಎಫ್‌ಸಿ 2544 ಪರೀಕ್ಷೆಯ ಪಟ್ಟಿ ಇತ್ತು, ಮೊದಲ ಸಾಲಿನಲ್ಲೇ 64 ಬೈಟ್ ಫ್ರೇಮ್ ಎದುರು 7.08 ಜಿಬಿಪಿಎಸ್! ಅದೂ ಸರಿಯೇ. 64 ಬೈಟ್‌ನ ಪುಟ್ಟ ಫ್ರೇಮ್‌ಗೂ ಅದೇ 20 ಬೈಟ್ ಹೊರಖರ್ಚು, 84ಕ್ಕೆ 64, ಅಂದರೆ ಶೇಕಡಾ 76. ಫ್ರೇಮ್ ದೊಡ್ಡದಾದಂತೆ ಪಟ್ಟಿಯ ಅಂಕಿ ಏರುತ್ತಾ ಹೋಗಿ 1,518ರಲ್ಲಿ 9.17ಕ್ಕೆ ಮುಟ್ಟುತ್ತದೆ. ಫ್ರೇಮ್ ಎಷ್ಟು ದೊಡ್ಡದು ಎಂದು ಹೇಳದೆ ಲಿಂಕ್‌ನ ಥ್ರೂಪುಟ್ ಇಷ್ಟು ಎಂದರೆ ಅದಕ್ಕೆ ಅರ್ಥವೇ ಇಲ್ಲ.

ಮುಂದಿನ ನವೀಕರಣದಲ್ಲಿ ಫಾರ್ಮ್‌ನ ಆ ಸಾಲನ್ನು ನಾವೇ ಬರೆದುಕೊಟ್ಟೆವು. 10 ಗಿಗಾಬಿಟ್ ಈಥರ್ನೆಟ್, ಲ್ಯಾನ್ ಫೈ, ವೇಗ ಎಣಿಸುವುದು ಈಥರ್ನೆಟ್ ಪದರದಲ್ಲಿ, ಕ್ಯಾರಿಯರ್ ಒಳಗೆ ಓಟಿಯು2ಇ. ಈ ಕೊನೆಯದು ಲ್ಯಾನ್ ಫೈನ 10.3125 ಹಾಗೇ ಹಿಡಿಯಲಿ ಎಂದೇ ಓಟಿಯು2ವನ್ನು (ಮೇಲೆ ಹೇಳಿದ 10.709ರ ಓಟಿಎನ್ ಹೊದಿಕೆ) ಸ್ವಲ್ಪ ವೇಗವಾಗಿ ಓಡಿಸಿದ ರೂಪ. ಅದೇ 255 ÷ 237 ಹಾಕಿದರೆ 11.096 ಜಿಬಿಪಿಎಸ್. ಒಪ್ಪಿಗೆ ಪರೀಕ್ಷೆ ಯಾವ ಫ್ರೇಮ್ ಗಾತ್ರದಲ್ಲಿ, ಯಾವ ಪದರದಲ್ಲಿ, ಅಂಕಿ 1,000ದ ಲೆಕ್ಕದಲ್ಲೇ ಅಂತಲೂ ಸೇರಿಸಿದೆವು. ಕ್ಯಾರಿಯರ್‌ನ ಸೇಲ್ಸ್‌ನವರು ‘ಇಷ್ಟೆಲ್ಲ ಯಾಕೆ ಸರ್’ ಎಂದರು. ಹುಬ್ಬಳ್ಳಿಯ ಇಂಜಿನಿಯರ್ ಮಾತ್ರ ಓದಿ, ‘ಇದು ಚಲೋ ಆತು ನೋಡ್ರಿ, ಇನ್ನ್ ಮುಂದ ಎಲ್ಲಾರ್ಗೂ ಇದನ್ನ ಕೊಡ್ತೀನಿ’ ಎಂದು ಕಾಪಿ ಇಟ್ಟುಕೊಂಡರು.

ಹೊಸ ಲಿಂಕ್‌ನಲ್ಲಿ ಐಪರ್ಫ್ 9.41 ತೋರಿಸುತ್ತದೆ. ಜಂಬೋ ಹಾಕಿದರೆ 9.90ಕ್ಕೆ ಹೋಗಬೇಕು. ಹಾಗಾದರೆ ಅದೇ 43.98 ಟಿಬಿ 9 ಗಂಟೆ 52 ನಿಮಿಷದಲ್ಲಿ ಹೋದೀತು, ಕಾಗದದ ಮೇಲೆ. ಜಂಬೋ ಇನ್ನೂ ಆಗಿಲ್ಲ. ಮುಂಬೈ ಕಡೆಯ ಫೈರ್‌ವಾಲ್‌ನ ಒಂದು ಇಂಟರ್‌ಫೇಸ್ ಇನ್ನೂ 1,500ರಲ್ಲೇ ಕೂತಿದೆ, ಅದನ್ನು ಮುಟ್ಟಲು ಚೇಂಜ್ ವಿಂಡೋ ಸಿಗಬೇಕು.